ದೇವರ ಹಿಪ್ಪರಗಿಯ ಬಾವಿಯಲ್ಲಿ ಜ್ವಾಲಾಮುಖಿ

“ಅಜ್ಜಾ, ನೀವು ಯಾವತ್ತಾದ್ರೂ ಜ್ವಾಲಾಮುಖಿ ನೋಡಿದೀರಾ?”

ಕ್ರಿಸ್‌ಮಸ್ ರಜೆಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿನಿಂದ ಬಂದಿಳಿದಿದ್ದ ಮೊಮ್ಮಗಳು ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಚಹಾದಲ್ಲಿ ಬಿಸ್ಕತ್ತು ಅದ್ದುತ್ತ ಕೇಳಿದಳು. ಅವಳೀಗ ಆರನೆಯ ಇಯತ್ತೆ. ಶಾಲೆಯಲ್ಲಿ ಅಡುಗೆ ಸೋಡಾ, ವಿನೆಗರ್, ಕೆಂಪು ಬಣ್ಣ ಸೇರಿಸಿ ಉಕ್ಕುವ ಜ್ವಾಲಾಮುಖಿ ಮಾಡಿದ್ದಳಂತೆ. ಅವಳ ಗೆಳತಿ ಮಾತ್ರ ಅಪ್ಪ ಅಮ್ಮನ ಜೊತೆ ಬಾಲಿಗೆ ಹೋಗಿ ನಿಜವಾದದ್ದನ್ನೇ ನೋಡಿ, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದಿದ್ದಾಳೆ. “ನಮ್ಮೂರಲ್ಲಿ ಅಂಥದ್ದು ಏನೂ ಇಲ್ಲ ಅಲ್ವಾ?” ಎಂದು ತಾನೇ ಉತ್ತರವನ್ನೂ ಹೇಳಿ ಮುಗಿಸಿದಳು.

ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಒಂದಿದೆ, ನಮ್ಮ ದೇಶದಲ್ಲಿ ಈಗಲೂ ಉಸಿರಾಡುತ್ತಿರುವ ಜ್ವಾಲಾಮುಖಿ ಅದೊಂದೇ ಎಂದು ಹೇಳಿದೆ. ಅಷ್ಟಕ್ಕೇ ಸುಮ್ಮನಾಗಬೇಕಿತ್ತು. ಆದರೆ ಸುಮಾರು ನಾಲ್ವತ್ತು ವರ್ಷದ ಹಿಂದಿನ ಒಂದು ಮಾತು ಥಟ್ಟನೆ ನೆನಪಿಗೆ ಬಂತು.

ಆಗ ನಾನು ಸಿಂದಗಿ ಸೀಮೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತ. ಬೆಳೆಸಾಲದ ಅರ್ಜಿಗಳಲ್ಲಿ ‘ಭೂಮಿಯ ವಿಧ’ ಎಂಬ ಕಾಲಂ ಇರುತ್ತಿತ್ತು. ಅದರಲ್ಲಿ ‘ಎರಿ, ಖುಷ್ಕಿ’ ಎಂದು ಎಷ್ಟು ಸಾವಿರ ಸಲ ಬರೆದಿದ್ದೇನೋ, ಲೆಕ್ಕವಿಲ್ಲ. ಅಂತರ್ಜಲ ಹುಡುಕುವ ಕೆಲಸದ ಮೇಲೆ ಬಂದು ಕೆಲವು ತಿಂಗಳು ಬಿಡಾರ ಹೂಡಿದ್ದ ಒಬ್ಬ ಭೂವಿಜ್ಞಾನಿ ಚೆಕ್ ಮುರಿಸಲು ನಮ್ಮ ಕೌಂಟರಿಗೆ ಬರುತ್ತಿದ್ದರು. ಒಮ್ಮೆ ನಾನು ಬರೆಯುವುದನ್ನು ಬಗ್ಗಿ ನೋಡಿ ನಕ್ಕರು. “ಎರಿ ಅಂದ್ರ ಏನು ಗೊತ್ತೇನ್ರಿ ಸಾಹೇಬ್ರ? ಆರಿದ ಬೆಂಕಿ. ನೀವು ಕುರ್ಚಿ ಹಾಕ್ಕೊಂಡು ಕುಂತಿದ್ದು ಲಾವಾ ಮ್ಯಾಲ” ಎಂದರು. ನಾನೂ ನಕ್ಕು ಟೋಕನ್ ಕೊಟ್ಟೆ. ಹಿಂದೆ ಸಾಲು ಉದ್ದವಿತ್ತು.

“ಅವ್ವೀ, ಜ್ವಾಲಾಮುಖಿ ನೋಡಾಕ ಬಾಲಿಗೆ ಯಾಕ ಹೋಗಬೇಕು? ನಾಳೆ ದೇವರ ಹಿಪ್ಪರಗಿಗೆ ಹೋಗೂಣ ನಡಿ” ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಹೇಗೂ ಎಳ್ಳ ಅಮಾವಾಸ್ಯೆ ಬಂದಿತ್ತು. ಹಿಪ್ಪರಗಿಯಲ್ಲಿ ನಮ್ಮ ಅಣ್ಣನ ಮಗನ ಮನೆ ಇದೆ, ಹೊಲ ಇದೆ. ಚರಗ ಚೆಲ್ಲಲು ಬರ್ರಿ ಎಂದು ಅವನು ಎರಡು ಸಲ ಫೋನ್ ಮಾಡಿದ್ದ.

ಮರುದಿನ ಸಿಂದಗಿ ಬಸ್ಸು ಹತ್ತುವ ಮೊದಲು ಅವಳನ್ನು ಗೋಲಗುಂಬಜಿನ ಗೋಡೆಯ ಹತ್ತಿರ ಕರೆದೊಯ್ದೆ. ಒಳಗೆ ಹೋಗಿ ಕೂಗಿ ಪ್ರತಿಧ್ವನಿ ಕೇಳುವುದು ಅವಳಿಗೆ ಹಳೆಯ ಆಟ. ಈ ಸಲ ಬರೀ ಕಲ್ಲು ಮುಟ್ಟಿ ನೋಡು ಎಂದೆ. ಕಪ್ಪು ಬೂದಿ ಬಣ್ಣದ ಗಟ್ಟಿ ಕಲ್ಲು. ಬಸಾಲ್ಟ್ ಎನ್ನುತ್ತಾರೆ, ನಮ್ಮ ಜನ ಕರಿಕಲ್ಲು ಎನ್ನುತ್ತಾರೆ. ಮೊಹಮ್ಮದ್ ಆದಿಲ್ ಶಾಹನ ಈ ಗೋರಿ 1656ರಲ್ಲಿ ಮುಗಿಯಿತೆಂದು ಪುಸ್ತಕಗಳಲ್ಲಿದೆ. ಕಲ್ಲಿನ ವಯಸ್ಸು ಕೇಳಿದರೆ ಮಾತ್ರ ಅಷ್ಟು ಸಣ್ಣ ಲೆಕ್ಕ ಸಾಲದು. ಸುಮಾರು 6.6 ಕೋಟಿ ವರ್ಷ!

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಊರು ದಾಟಿದ ಮೇಲೆ ಎರಡೂ ಕಡೆ ಬಯಲು. ಒಂದು ಕಡೆ ತಗ್ಗಿನಲ್ಲಿ ಕರಿ ಎರಿ, ಅದರಲ್ಲಿ ಎದೆಯೆತ್ತರದ ಬಿಳಿಜೋಳ, ನಡುವೆ ಕಡಲೆ, ಅಂಚಿಗೆ ಮುಳ್ಳಿನ ಕುಸುಬಿ. ಇನ್ನೊಂದು ಕಡೆ ನೆಲ ಮೆಲ್ಲಗೆ ಏರಿ ಮೇಲೆ ಚಪ್ಪಟೆಯಾಗಿ ನಿಲ್ಲುತ್ತದೆ. ಅದಕ್ಕೆ ನಮ್ಮ ಕಡೆ ‘ಮಡ್ಡಿ’ ಎಂದು ಹೆಸರು. ಮಡ್ಡಿಯಲ್ಲಿ ಮಣ್ಣು ಗೇಣುದ್ದವೂ ಇಲ್ಲ, ಕಲ್ಲೇ ಹೆಚ್ಚು. ಕುರಿ ಮೇಯುತ್ತವೆ.

“ಬೆಟ್ಟ ಎಲ್ಲಿ ಅಜ್ಜಾ? ಜ್ವಾಲಾಮುಖಿಗೆ ಮೇಲೆ ಬಾಯಿ ಇರಬೇಕಲ್ವಾ?” ಎಂದಳು.

ಮೊದಲ ದಿನವೇ ಇದು ಅವಳ ತಕರಾರು. ರಾತ್ರಿಯೆಲ್ಲ ಓದಿ ತಯಾರಾಗಿದ್ದ ನಾನು ಹೇಳಿದೆ. ಎಲ್ಲ ಜ್ವಾಲಾಮುಖಿಗೂ ಬೆಟ್ಟ ಇರುವುದಿಲ್ಲ. ಕೆಲವು ಕಡೆ ನೆಲವೇ ಉದ್ದಕ್ಕೆ ಸೀಳಿ, ಆ ಬಿರುಕಿನಿಂದ ಕಾದ ಕಲ್ಲು ಹಾಲು ಉಕ್ಕಿದಂತೆ ಉಕ್ಕಿ ಹರಿಯುತ್ತದೆ. ಐಸ್‌ಲ್ಯಾಂಡಿನ ಲಾಕಿ ಎಂಬಲ್ಲಿ 1783ರಲ್ಲಿ ಹಾಗೆ ಶುರುವಾಗಿ ಎಂಟು ತಿಂಗಳು ನಡೆಯಿತು. ನಮ್ಮ ದಖನ್ನಿನಲ್ಲಿ ಆದದ್ದು ಅದರ ಅಜ್ಜನ ಮುತ್ತಜ್ಜ. ಒಂದು ಸಲ ಹರಿದು ಆರಿತು, ಮತ್ತೆ ಹರಿಯಿತು, ಮತ್ತೆ ಆರಿತು. ಹೀಗೆ ಪದರದ ಮೇಲೆ ಪದರ. ಇವತ್ತು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೊಮೀಟರ್, ಅಂದರೆ ನಮ್ಮ ಕರ್ನಾಟಕದ ಎರಡೂವರೆ ಪಟ್ಟಿಗಿಂತ ಹೆಚ್ಚು. ಮಹಾರಾಷ್ಟ್ರದ ಬಹುಭಾಗ, ಗುಜರಾತ್ ಮತ್ತು ಮಧ್ಯಪ್ರದೇಶಗಳ ದೊಡ್ಡ ಪಾಲು, ನಮ್ಮಲ್ಲಿ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ನೆಲ ಇದರಲ್ಲಿ ಬರುತ್ತದೆ. ಪಶ್ಚಿಮ ಘಟ್ಟದ ಕಡೆ ಈ ಕಲ್ಲಿನ ದಪ್ಪ ಎರಡು ಕಿಲೊಮೀಟರಿಗೂ ಹೆಚ್ಚು. ನಮ್ಮದು ಅದರ ದಕ್ಷಿಣದ ಅಂಚು, ತೆಳ್ಳಗಿನ ಸೆರಗು. ಇಂಗ್ಲಿಷಿನಲ್ಲಿ ‘ದಖನ್ ಟ್ರ್ಯಾಪ್’ ಎನ್ನುತ್ತಾರೆ. ಟ್ರ್ಯಾಪ್ ಎಂದರೆ ಇಲ್ಲಿ ಬೋನಲ್ಲ, ಸ್ವೀಡನ್ ಭಾಷೆಯ ‘ಮೆಟ್ಟಿಲು’. ಮಡ್ಡಿಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಅದಕ್ಕೇ.

“ಹಾಗಾದ್ರೆ ಡೈನೋಸಾರ್?” ಎಂದಳು. ಮಕ್ಕಳು ಅಲ್ಲಿಗೆ ಬರದೇ ಇರುವುದಿಲ್ಲ. ಹೌದು, ಅವು ಅಳಿದದ್ದೂ ಅದೇ ಕಾಲ. ಮೆಕ್ಸಿಕೋದಲ್ಲಿ ದೊಡ್ಡ ಆಕಾಶಕಾಯ ಬಡಿದದ್ದೇ ಕಾರಣ ಎಂದು ಹೆಚ್ಚಿನವರು ಹೇಳುತ್ತಾರೆ, ನಮ್ಮ ಲಾವಾದ ಹೊಗೆಯ ಪಾಲೂ ಇತ್ತು ಎಂದು ಕೆಲವರು ವಾದಿಸುತ್ತಾರೆ. ಗುಜರಾತಿನ ಬಾಲಾಸಿನೋರ್ ಹತ್ತಿರ ಡೈನೋಸಾರ್ ಮೊಟ್ಟೆಗಳೇ ಸಿಕ್ಕಿವೆ ಎಂದಾಗ ಮುಂದಿನ ಸೀಟಿನ ಹಿರಿಯರೊಬ್ಬರು ಪೂರ್ತಿ ತಿರುಗಿ ಕೂತು, “ಏನ್ರಿ ಅದು ಮೊಟ್ಟಿದು?” ಎಂದು ಕೇಳಿದರು. ಹಿಪ್ಪರಗಿ ಬರುವವರೆಗೆ ಅವರಿಗೂ ಹೇಳಬೇಕಾಯಿತು.

ದೇವರ ಹಿಪ್ಪರಗಿ ಈಗ ತಾಲ್ಲೂಕು ಕೇಂದ್ರ. ನಾನು ಓದುವಾಗ ಸಿಂದಗಿ ತಾಲ್ಲೂಕಿನ ಒಂದು ಊರು. ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಿದೇವರು ಹುಟ್ಟಿದ್ದು ಇಲ್ಲಿ. ಬಸವಣ್ಣನವರ ಬಾಗೇವಾಡಿಯೂ ಇದೇ ಜಿಲ್ಲೆ. ಬಟ್ಟೆ ಒಗೆಯುವ ಬಂಡೆಯೂ ಈ ಕಡೆ ಕರಿಕಲ್ಲಿನದೇ ಇದ್ದೀತು ಎಂದು ನನಗೆ ಹೊಳೆದದ್ದು ಈ ಸಲವೇ. ಮೊದಲು ಮಾಚಿದೇವರಿಗೆ, ಆಮೇಲೆ ರಾವುತರಾಯನ ಗುಡಿಗೆ ಹೋಗಿ ಕೈಮುಗಿದೆವು. ನಂತರ ಸಂತೆ.

ಅಮಾವಾಸ್ಯೆಯ ಹಿಂದಿನ ಸಂತೆಯೆಂದರೆ ಕಾಲಿಡಲು ಜಾಗ ಇರುವುದಿಲ್ಲ. ಮರುದಿನ ಇಡೀ ಸೀಮೆಯೇ ಹೊಲಕ್ಕೆ ಹೋಗಿ ಉಣ್ಣುತ್ತದಲ್ಲ! ಸಜ್ಜೆ, ಎಳ್ಳು, ಬೆಲ್ಲ, ಶೇಂಗಾ, ಗುರೆಳ್ಳು, ಪುಂಡಿಪಲ್ಯದ ಕಟ್ಟು, ಎಣ್ಣೆಗಾಯಿಗೆಂದೇ ಆರಿಸಿದ ಸಣ್ಣ ಬದನೆಕಾಯಿ, ಗಜ್ಜರಿ, ಹಸಿ ಕಡಲೆಗಿಡದ ಹೊರೆ. ಆಚೆ ಸಾಲಿನಲ್ಲಿ ಹಗ್ಗ, ಮಿಣಿ, ಎತ್ತಿನ ಗೆಜ್ಜೆಸರ, ಕುಡಗೋಲು. ಮೊಮ್ಮಗಳಿಗೆ ಬಿಸಿ ಮಿರ್ಚಿಭಜಿ, ಚುರುಮುರಿ ಕೊಡಿಸಿದೆ. ಅರ್ಧ ಮಿರ್ಚಿಗೇ ಕಣ್ಣಲ್ಲಿ ನೀರು. ಭಜಿ ಮಾರುವ ಅವ್ವ ತಾನಾಗಿಯೇ ಒಂದು ಚೂರು ಬೆಲ್ಲ ಕೊಟ್ಟಳು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಸಂತೆಯ ತುದಿಯಲ್ಲಿ ನಾವು ಹುಡುಕುತ್ತಿದ್ದದ್ದು ಸಿಕ್ಕಿತು. ನೆಲದ ಮೇಲೆ ಬೀಸುವ ಕಲ್ಲು, ಒಳ್ಳು, ರುಬ್ಬುಗುಂಡು, ಖಲಬತ್ತಾ ಹರಡಿಕೊಂಡು ಗಂಡ ಹೆಂಡತಿ ಕೂತಿದ್ದರು. ಗಂಡ ಒಂದು ಹಳೆಯ ಬೀಸುವ ಕಲ್ಲಿನ ಸವೆದ ಮೈಗೆ ಉಳಿಯಿಂದ ಟಕ್ ಟಕ್ ಎಂದು ಹೊಡೆದು ಮತ್ತೆ ಒರಟು ಮಾಡುತ್ತಿದ್ದ. ಮೊಮ್ಮಗಳು ಒಂದು ಖಲಬತ್ತಾ ಎತ್ತಲು ಹೋಗಿ ಭಾರಕ್ಕೆ ಮುಗ್ಗರಿಸಿದಳು.

“ಹಂಗ ಎತ್ತಬಾರದವ್ವಾ, ಮೊದಲ ಬಡದು ಸಪ್ಪಳ ಕೇಳಬೇಕು” ಎಂದು ಆ ತಾಯಿ ಸಣ್ಣ ಕಲ್ಲಿನಿಂದ ಅದನ್ನು ತಟ್ಟಿ ತೋರಿಸಿದಳು. ಕಂಚಿನ ಬಟ್ಟಲಿನಂತೆ ಠಣ್ ಎಂದಿತು. ಇನ್ನೊಂದನ್ನು ತಟ್ಟಿದಳು, ಸಪ್ಪಳ ಸತ್ತಿತು. “ಇದರಾಗ ಒಳಗ ಬಿರುಕ ಐತಿ. ಇದನ್ನ ತಿಳೀಲಾರದವರಿಗೆ ಮಾರ್ತೀವಿ” ಎಂದು ನಕ್ಕಳು. ಕಲ್ಲಿನಲ್ಲೂ ಜಾತಿ ಉಂಟು ಎಂದು ಗಂಡ ವಿವರಿಸಿದ. ಸಣ್ಣ ತೂತಿನ ಕಲ್ಲು ಬೀಸಲು ಒಳ್ಳೆಯದು, ಕಾಳನ್ನು ಹಿಡಿಯುತ್ತದೆ, ಬೇಗ ನುಣುಪಾಗುವುದಿಲ್ಲ. ತೂತಿಲ್ಲದ ಒತ್ತು ಕಲ್ಲು ಕುಟ್ಟಲು ಒಳ್ಳೆಯದು. ಇಲ್ಲವಾದರೆ ಬಳ್ಳೊಳ್ಳಿ ಖಾರ ತೂತಿನೊಳಗೇ ಉಳಿಯುತ್ತದೆ.

“ಆ ತೂತು ಹೇಗೆ ಆಯ್ತು?” ಎಂದು ಮೊಮ್ಮಗಳು ಕೇಳಿದಳು.

“ದೇವರು ಮಾಡ್ಯಾನ” ಎಂದ ಅವನು. ನಾನು ದೋಸೆಯ ಲೆಕ್ಕ ಹೇಳಿದೆ. ಹಿಟ್ಟು ಹೊಯ್ದಾಗ ಒಳಗಿನ ಗಾಳಿ ಮೇಲೆ ಬಂದು ದೋಸೆಗೆ ತೂತು ಬೀಳುತ್ತದಲ್ಲ, ಹಾಗೆ ಲಾವಾದೊಳಗಿನ ಅನಿಲದ ಗುಳ್ಳೆ ಮೇಲೇರುವಾಗಲೇ ಕಲ್ಲು ಗಟ್ಟಿಯಾಯಿತು. ಆದ್ದರಿಂದ ತೂತಿನ ಕಲ್ಲು ಪದರದ ಮೇಲ್ಭಾಗದ್ದು, ಒತ್ತು ಕಲ್ಲು ನಡುವಿನದ್ದು. ಕಲ್ಲಿನವನು ಉಳಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ. “ಹೌದ್ರಿ, ಖಣಿಯೊಳಗ ತೂತಿಂದು ಯಾವಾಗಲೂ ಮ್ಯಾಲೇ ಇರತೈತಿ” ಎಂದ. ನನ್ನ ಓದಿಗೆ ಅವನ ಸಾಕ್ಷಿ ಸಿಕ್ಕಿದ್ದು ನನಗೆ ಬಹಳ ಖುಷಿಯಾಯಿತು. 450 ರೂಪಾಯಿ ಹೇಳಿದ ಖಲಬತ್ತಾಕ್ಕೆ ಚೌಕಾಸಿ ಮಾಡುವ ಮನಸ್ಸಾಗಲಿಲ್ಲ. ಮನೆಯಲ್ಲಿ ಹೇಳಿದರೆ ಬೈಸಿಕೊಳ್ಳುತ್ತೇನೆ.

ರಾತ್ರಿ ಅಣ್ಣನ ಮಗನ ಮನೆಯಲ್ಲಿ ಊಟ. ಸೊಸೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಮೊಮ್ಮಗಳು ದೊಡ್ಡವ್ವನ ಪಕ್ಕದಲ್ಲಿ ಕೂತು ಅಂಗೈಯಗಲದ್ದೊಂದು ಬಡಿದಳು. ಮಾತಿನ ನಡುವೆ ಅಣ್ಣನ ಮಗ ಅಂದ: “ಕಾಕಾ, ಅಮಾಸಿ ಮುಗದ ಮ್ಯಾಲ ಆ ಬಾವಿ ಮುಚ್ಚಸ್ತೀನ್ರಿ. ಜೆಸಿಬಿ ಅವಂಗ ಹೇಳೇನಿ.”

ನನ್ನ ತುತ್ತು ಗಂಟಲಲ್ಲೇ ನಿಂತಿತು.

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಬೋರು ಕೊರೆಸಿದ ಮೇಲೆ ಬಾವಿ ಬತ್ತಿ ಎಷ್ಟೋ ವರ್ಷವಾಯಿತು. ಸುತ್ತ ಕಟ್ಟೆಯಿಲ್ಲ. ಹೋದ ಮಳೆಗಾಲದಲ್ಲಿ ಒಂದು ಕರು ಬಿದ್ದು, ಹತ್ತು ಜನ ಹಗ್ಗ ಹಾಕಿ ಎತ್ತಿದರೂ ಕಾಲು ಮುರಿದು ಉಳಿಯಲಿಲ್ಲ. “ನಾಳೆ ಯಾರದರೆ ಹುಡುಗ ಬಿದ್ರ ಏನ್ ಮಾಡೂದ್ರಿ? ಊರಾಗ ಎಲ್ಲಾರೂ ಮುಚ್ಚಾಕತ್ತಾರ” ಎಂದ. ಪಾಲಿನಲ್ಲಿ ಆ ಹೊಲ ನಮ್ಮ ಅಣ್ಣನಿಗೆ ಹೋಗಿದೆ. ಹೊಲ ಅವನದು, ಬಾವಿಯೂ ಅವನದು. “ನಿಂಗ ಹೆಂಗ ಅನುಕೂಲೋ ಹಂಗ ಮಾಡಪ್ಪ” ಎಂದು ಕೈ ತೊಳೆದೆ. ನಿದ್ದೆ ಬರಲಿಲ್ಲ.

ಆ ಬಾವಿ ತೋಡಿದ್ದು 1972ರ ಬರದಲ್ಲಿ. ನಾನು ಬಿ.ಕಾಂ. ಓದುತ್ತಿದ್ದೆ. ಆ ವರ್ಷ ಪುಸ್ತಕ ಬದಿಗಿಟ್ಟು ಬಾವಿಯಿಂದ ಬುಟ್ಟಿಯಲ್ಲಿ ಕಲ್ಲು ಹೊತ್ತಿದ್ದೇನೆ. ಅವ್ವನ ಬೋರಮಾಳ ಮಾರಿ ಕಲ್ಲು ಒಡೆಯುವವರಿಗೆ ಕೂಲಿ ಕೊಟ್ಟರು ನಮ್ಮಪ್ಪ. ಮೂವತ್ತು ಅಡಿ ಹೋದರೂ ಬರೀ ಒಣ ಕರಿಕಲ್ಲು. ಉಳಿದ ದುಡ್ಡು ಮುಗಿಯುತ್ತ ಬಂದಾಗ ಒಂದು ದಿನ ಕೆಳಗಿನಿಂದ ಕೂಗಿದರು: “ಕೆಂಪ ಮಣ್ಣ ಬಂತ್ರಿ!” ಕಲ್ಲಿನ ನಡುವೆ ಇಟ್ಟಂಗಿ ಪುಡಿಯಂಥ ಕೆಂಪು ಮಣ್ಣು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು. ಒಡೆಯುವವರಲ್ಲಿ ಹಿರಿಯನೊಬ್ಬ ಮಾತ್ರ, “ಗೌಡ್ರ, ಇನ್ನೊಂದ ಎರಡ ಮೊಳ ತಡೀರಿ” ಎಂದ. ಅದರ ಕೆಳಗೆ ತೂತಿನ ಕಲ್ಲು ಬಂತು, ಅದರಿಂದ ನೀರು ಜಿನುಗಿತು. ಅವ್ವ ಮೊದಲ ಕೊಡ ನೀರಿಗೆ ಅರಿಶಿಣ ಕುಂಕುಮ ಹಚ್ಚಿ ಅತ್ತಳು. ನೀರಿಗೆ ಅತ್ತಳೋ ಬೋರಮಾಳಕ್ಕೆ ಅತ್ತಳೋ ನನಗೆ ಆಗ ತಿಳಿಯಲಿಲ್ಲ.

ಅಮಾವಾಸ್ಯೆಯ ದಿನ ಎತ್ತಿನ ಗಾಡಿ ಇರಲಿಲ್ಲ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಜಮಖಾನೆ ಹಾಸಿ ಹೋದೆವು. ಹೊಲದಲ್ಲಿ ಜೋಳ ತೆನೆ ಹಾಲುಗಟ್ಟುವ ಹೊತ್ತು. ಐದು ಸಣ್ಣ ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡಿ, ಎಲ್ಲ ಅಡಿಗೆಯನ್ನೂ ಕಲಸಿ ಹೊಲದ ತುಂಬ ಚರಗ ಚೆಲ್ಲಿದೆವು. ಹೊಲ ಈಗ ತುಂಬು ಬಸುರಿ, ಅವಳಿಗೆ ಬಯಕೆಯ ಊಟ ಎಂದು ದೊಡ್ಡವ್ವ ಹೇಳಿಕೊಟ್ಟಳು. ಮೊಮ್ಮಗಳು ಚೆಲ್ಲುತ್ತ ಹೋದವಳು ನಡುವೆ ನಿಂತಳು. ನೆಲದ ಬಿರುಕಿನೊಳಗೆ ಅವಳ ಕಡುಬು ಬಿದ್ದು ಕಾಣೆಯಾಗಿತ್ತು.

ಎರಿಮಣ್ಣಿನ ಗುಣವೇ ಅದು. ಲಾವಾ ಕಲ್ಲು ಸಾವಿರಾರು ವರ್ಷ ಮಳೆ ಬಿಸಿಲಿಗೆ ಕೊಳೆತು ಆದ ಜಿಗಟು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಬಿರುಕಿನೊಳಗೆ ಕೈ ಹೋಗುತ್ತದೆ. ಬಿರುಕಿಗೆ ಬಿದ್ದ ಮೇಲ್ಮಣ್ಣು ಕೆಳಗೆ ಹೋಗುತ್ತದೆ, ಆದ್ದರಿಂದ ಈ ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎನ್ನುತ್ತಾರೆ. ಮಳೆಗಾಲದ ನೀರನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು, ಒಂದು ಹನಿ ಮಳೆ ಬೀಳದ ಚಳಿಗಾಲದಲ್ಲಿ ಬಿಳಿಜೋಳ ಬೆಳೆಸುವ ಶಕ್ತಿಯೂ ಅದಕ್ಕಿದೆ. ಆ ನೀರು ಬಿರುಕಿನಿಂದ ಹಾರಿಹೋಗಬಾರದೆಂದೇ ರೈತ ಮತ್ತೆ ಮತ್ತೆ ಎಡೆ ಹೊಡೆದು ಬಿರುಕು ಮುಚ್ಚುವುದು. ಇಷ್ಟನ್ನೂ ನಾನು ಅರ್ಜಿಯಲ್ಲಿ ಎರಡೇ ಶಬ್ದದಲ್ಲಿ ಬರೆದು ಮುಗಿಸುತ್ತಿದ್ದೆ.

ಊಟದ ನಂತರ ಮೊಮ್ಮಗಳು ಬದುವಿನಲ್ಲಿ ಕಲ್ಲು ಆರಿಸತೊಡಗಿದಳು. ಬಿಳಿ ಹರಳು ತುಂಬಿದ ಒಂದು ತೂತುಕಲ್ಲು ಸಿಕ್ಕಿತು. ಗುಳ್ಳೆಗಳು ಖಾಲಿಯಾದ ಮೇಲೆ ನೀರಿನ ಜೊತೆ ಬಂದ ಖನಿಜ ಅದರೊಳಗೆ ಕೂತು ಹರಳುಗಟ್ಟಿದ್ದು. ಇನ್ನೊಂದು ಚಕಮಕಿ ಕಲ್ಲು. ದೊಡ್ಡವ್ವ ಅದನ್ನು ಕುಡಗೋಲಿನ ಬೆನ್ನಿಗೆ ಹೊಡೆದಾಗ ಕಿಡಿ ಹಾರಿತು. ಅವರ ಅಜ್ಜ ಹೀಗೇ ಅರಳೆಗೆ ಕಿಡಿ ತಾಗಿಸಿ ಚಿಲುಮೆ ಹಚ್ಚುತ್ತಿದ್ದರಂತೆ.

“ಬಾವಿ ನೋಡ್ಬಹುದಾ ದೊಡ್ಡಪ್ಪ?” ಎಂದು ಮೊಮ್ಮಗಳು ಕೇಳಿದಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ. ರಾತ್ರಿಯ ಮಾತು ಕೇಳಿಸಿಕೊಂಡಿದ್ದಳು.

ನನ್ನ ಮೊಣಕಾಲು ಮೆಟ್ಟಿಲು ಒಪ್ಪುವುದಿಲ್ಲ, ಮೇಲೆಯೇ ಕೂತೆ. ಅಣ್ಣನ ಮಗ ಅವಳ ನಡುವಿಗೆ ಹಗ್ಗ ಬಿಗಿದು, ತುದಿಯನ್ನು ಬೇವಿನ ಮರಕ್ಕೆ ಸುತ್ತಿ, ಕೈ ಹಿಡಿದು ಇಳಿಸಿದ. ನಾನು ಮೇಲಿನಿಂದ ಕೇಳುವುದು, ಅವಳು ಕೆಳಗಿನಿಂದ ಕೂಗಿ ಹೇಳುವುದು.

“ಮೊದಲು ಕಪ್ಪು ಮಣ್ಣು, ನನ್ನ ತಲೆಗಿಂತ ಎತ್ತರ! ಆಮೇಲೆ ಹಳದಿ ತರ, ಪುಡಿ ಪುಡಿ.”

“ಅದು ಗರಸು. ಅರ್ಧ ಕೊಳೆತ ಕಲ್ಲು. ಮುಂದ?”

“ದುಂಡು ದುಂಡು ಕಲ್ಲು. ಅಯ್ಯೋ ಅಜ್ಜಾ, ಸಿಪ್ಪೆ ಬರ್ತಿದೆ, ಈರುಳ್ಳಿ ತರ!”

“ಆಮೇಲೆ?”

“ಬರೀ ಗಟ್ಟಿ ಕಲ್ಲು. ತುಂಬಾ ದೂರ ಅದೇ ಇದೆ.” ಸ್ವಲ್ಪ ಹೊತ್ತು ಮಾತಿಲ್ಲ. ನನಗೆ ಎದೆ ಹೊಡೆದುಕೊಳ್ಳತೊಡಗಿತು. “ಅಜ್ಜಾ! ಕೆಂಪು ಗೆರೆ! ಗೋಡೆ ಸುತ್ತಾ ಇದೆ, ನಾಲ್ಕೂ ಕಡೆ!”

ಅದೇ. ಐವತ್ತು ವರ್ಷದ ಹಿಂದೆ ಅಪ್ಪನನ್ನು ತಲೆಯ ಮೇಲೆ ಕೈ ಹೊರಿಸಿದ್ದು ಅದೇ ಕೆಂಪು ಗೆರೆ. ಅದರ ಕಥೆ ಈಗ ನನಗೆ ಗೊತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಒಂದು ಲಾವಾ ಹರಿದು ಆರಿದ ಮೇಲೆ ಬಹುಕಾಲ ಸುಮ್ಮನಿತ್ತು. ಮೇಲೆ ಮಳೆ ಬಿತ್ತು, ಕಲ್ಲು ಕೊಳೆತು ಮಣ್ಣಾಯಿತು. ಆಮೇಲೆ ಮತ್ತೊಂದು ಲಾವಾ ಬಂದು ಆ ಮಣ್ಣನ್ನು ಇಟ್ಟಂಗಿಯಂತೆ ಸುಟ್ಟು ಮುಚ್ಚಿತು. ಕೆಂಪು ಗೆರೆಯೆಂದರೆ ಎರಡು ಬೆಂಕಿಗಳ ನಡುವಿನ ಬಿಡುವು. ಅದರ ಕೆಳಗಿರುವುದು ಹಳೆಯ ಲಾವಾದ ತಲೆ, ತೂತಿನ ಕಲ್ಲು, ಆದ್ದರಿಂದಲೇ ಅಲ್ಲಿ ನೀರು. ಇದನ್ನೆಲ್ಲ ನಾನು ಬಾವಿಯ ಬಾಯಿಗೆ ಬಗ್ಗಿ ಕೂಗಿ ಹೇಳಿದೆ. ಬೋರಮಾಳದ ವಿಷಯವನ್ನೂ ಹೇಳಿಬಿಟ್ಟೆ. ಕೆಳಗಿನಿಂದ ಅಣ್ಣನ ಮಗನ ಸದ್ದೇ ಇಲ್ಲ. ಹುಟ್ಟಿದಾಗಿನಿಂದ ಆ ಬಾವಿಯಲ್ಲಿ ಈಜಿದವನು ಅವನು. ಹತ್ತಿ ಬಂದ ಮೇಲೆ ಅಂಗೈ ತೋರಿಸಿದ, ಕೆಂಪಾಗಿತ್ತು. “ಅಮ್ಮನ ಬೋರಮಾಳಾದ್ದು ನಮ್ಮಪ್ಪ ಎಂದೂ ಹೇಳಿರಲಿಲ್ಲಲ್ಲರಿ ಕಾಕಾ” ಎಂದ. ಅವನು ಅಜ್ಜಿಯನ್ನು ಅಮ್ಮ ಎನ್ನುತ್ತಿದ್ದ.

ಮುಚ್ಚಬೇಡ ಎಂದು ನಾನು ಹೇಳಲಿಲ್ಲ. ಕರುವಿನ ನೆನಪು ನನಗೂ ಇತ್ತು.

ಮರುದಿನ ಅವನಿಗೆ ತಾಳಿಕೋಟೆಯಲ್ಲಿ ಕೆಲಸವಿತ್ತು. ಮನೆಯ ಅಂಗಳಕ್ಕೆ ಫರಸಿ ತರಬೇಕಿತ್ತು. “ನೀವೂ ಬರ್ರಿ” ಎಂದು ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡ. ದಕ್ಷಿಣಕ್ಕೆ ಹೋದಂತೆ ಡೋಣಿ ಹೊಳೆಯ ಸೀಮೆ. ಮಹಾರಾಷ್ಟ್ರದ ಜತ್ ಕಡೆ ಹುಟ್ಟಿ ಕೃಷ್ಣೆಯನ್ನು ಸೇರುವ ಹೊಳೆ. ನೀರು ಸವುಳು, ಬಾಯಿಗಿಟ್ಟರೆ ಉಗುಳಬೇಕು. ಆದರೆ ದಂಡೆಯ ಎರಿ ಎಂಥದೆಂದರೆ, ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತೇ ಇದೆ. 1565ರ ಯುದ್ಧದ ಹೆಸರಿನಲ್ಲಿ ತಾಳಿಕೋಟೆಯನ್ನು ಎಲ್ಲರೂ ಓದಿರುತ್ತಾರೆ. ಮೊಮ್ಮಗಳೂ ಓದಿದ್ದಳು, ಕೋಟೆ ಎಲ್ಲಿ ಎಂದಳು. ನಮಗೆ ಬೇಕಿದ್ದದ್ದು ಊರ ಆಚೆಯ ಕಲ್ಲಿನ ಅಡ್ಡೆ.

ಗಾಡಿಯಿಂದ ಇಳಿದವಳೇ ಅವಳು ಹೇಳಿದಳು: “ಇಲ್ಲಿ ಕಲ್ಲು ಬೇರೆ!” ಬೂದಿ, ತಿಳಿ ನೀಲಿ ಬಣ್ಣದ, ಹಲಗೆಯಂತೆ ಪದರ ಪದರವಾಗಿ ಏಳುವ ಸುಣ್ಣದ ಕಲ್ಲು. ಶಹಾಬಾದ್ ಫರಸಿಯ ತಮ್ಮ. ಲಾವಾ ಬರುವುದಕ್ಕಿಂತ ಹತ್ತಾರು ಕೋಟಿ ವರ್ಷ ಮೊದಲು ಇಲ್ಲಿದ್ದ ಸಮುದ್ರದ ತಳದಲ್ಲಿ ಕೂತ ಕೆಸರು ಇದು. ಹಿಪ್ಪರಗಿಯ ಕಡೆ ಲಾವಾ ಇದರ ಮೇಲೆ ಹೊದಿಕೆ ಹಾಕಿದೆ, ತಾಳಿಕೋಟೆಯ ಕಡೆ ಹೊದಿಕೆ ಮುಗಿದು ಕಾಲು ಹೊರಗೆ ಬಂದಿದೆ. ಮೊಮ್ಮಗಳು ಒಂದು ಫರಸಿಯ ಮೇಲೆ ಚಪ್ಪಲಿ ಬಿಚ್ಚಿ ನಿಂತಳು. ಸಮುದ್ರದ ಮೇಲೆ ನಿಂತ ಫೋಟೊ ತೆಗೆಯಬೇಕಂತೆ, ಬಾಲಿಯ ಗೆಳತಿಗೆ ಕಳಿಸಲು.

ಅಣ್ಣನ ಮಗ ಅಂಗಳದ ಫರಸಿ ಆರಿಸಿ ದರ ಮುಗಿಸಿದ. ಆಮೇಲೆ ಅಡ್ಡೆಯವನನ್ನು ಕೇಳಿದ: “ಹೊಲದಾಗ ನಿಂದ್ರಸಾಕ ಬರೂವಂಥಾವು ಅದಾವೇನ್ರಿ? ಐದ ಫೂಟ್ ಉದ್ದ, ಎರಡ ಫೂಟ್ ಅಗಲ. ಒಂದೂವರೆ ಫೂಟ್ ನೆಲದಾಗ ಹುಗೀತೀನಿ.” ಈ ಕಡೆ ಹೊಲ ಹಿತ್ತಿಲುಗಳಿಗೆ ಹಾಗೆ ಕಲ್ಲಿನ ಹಲಗೆ ನಿಲ್ಲಿಸಿ ಬೇಲಿ ಮಾಡುವುದುಂಟು. ನನ್ನ ಕಡೆ ತಿರುಗಿ, ಮುಖ ನೋಡದೆ, “ಕಾಕಾ, ಬಾವಿ ಸುತ್ತ ಎಷ್ಟ ಬೇಕಾದಾವು ಲೆಕ್ಕಾ ಹಾಕ್ರಿ. ಈ ವರ್ಷಕ್ಕ ಇರಲಿ. ಮುಂದಿನ ವರ್ಷದ್ದು ಮುಂದ ನೋಡೂಣ” ಎಂದ.

ಕಿಸೆಯಲ್ಲಿದ್ದ ಬಸ್ ಟಿಕೆಟಿನ ಹಿಂದೆ ಬರೆದೆ. ಚೌಕ ಬಾವಿ, ಒಂದೊಂದು ಬದಿ 24 ಅಡಿ, ಒಟ್ಟು 96. ಇಳಿಯುವ ಕಡೆ ಗೇಟಿಗೆ 4 ಅಡಿ ಬಿಟ್ಟರೆ 92. ಎರಡು ಅಡಿಗೊಂದರಂತೆ 46. ದುಡ್ಡಿನಲ್ಲಿ ಅರ್ಧ ನನ್ನದು ಎಂದೆ. ಅವನು ಬೇಡ ಎಂದ. ಬಹಳ ಹೊತ್ತು ಎಳೆದಾಡಿ ಗೇಟು ನನ್ನದು ಎಂದು ತೀರ್ಮಾನವಾಯಿತು.

“48 ತಗೊಳ್ಳಿ ದೊಡ್ಡಪ್ಪ. ದಾರೀಲಿ ಎರಡು ಒಡೀಬಹುದು” ಎಂದಳು ಮೊಮ್ಮಗಳು.

ಅಡ್ಡೆಯವನು ನಕ್ಕು ಸೀಮೆಸುಣ್ಣದಿಂದ ಮೊದಲ ಹಲಗೆಯ ಮೇಲೆ 48 ಎಂದು ಬರೆದ. ಹೊರೆ ಹೆಚ್ಚಾಗಿ ಪಿಕಪ್ಪು ಎರಡು ಸಲ ಬರಬೇಕಾಯಿತು. ಜೆಸಿಬಿಯವನಿಗೆ ಫೋನ್ ಹೋದದ್ದು ದಾರಿಯಲ್ಲಿ, ಡೋಣಿ ದಾಟುವಾಗ.